ಹಾಡು ಮರಳಿತು, ಮಗ್ಗ ಮರಳಲಿಲ್ಲ

(ಜಿಲ್ಲಾ ಅಧ್ಯಯನ ಕೂಟದ ಭಾನುವಾರದ ಸಭೆಯಲ್ಲಿ ಮಾಡಿದ ಭಾಷಣ)



ಇಂದಿನ ವಿಷಯ 'ಪೋಸ್ಟ್-ಪಂಕ್ ಸಂಗೀತ ಮತ್ತು ಅದರ ಪುನರುಜ್ಜೀವನ' ಎಂದು ಹಲಗೆಯ ಮೇಲೆ ಬರೆದದ್ದನ್ನು ಕಂಡು ಹಿಂದಿನ ಸಾಲಿನಲ್ಲಿ ಕೆಲವರು ನಕ್ಕದ್ದು ನನಗೆ ಕೇಳಿಸಿತು. ನಗಬೇಕಾದ ಮಾತೇ. ಕೂಲಿ, ಗೇಣಿ, ಪಂಚಾಯತಿ ಎಂದು ಗಂಟಲು ಹರಿದುಕೊಳ್ಳುವ ಈ ಕೂಟಕ್ಕೂ ಇಂಗ್ಲೆಂಡಿನ ಹುಡುಗರ ಗದ್ದಲದ ಹಾಡಿಗೂ ಏನು ನಂಟು? ಮೊದಲು ಅದನ್ನೇ ಹೇಳಿಬಿಡುತ್ತೇನೆ.

ಕಳೆದ ತಿಂಗಳು ನಮ್ಮ ಕಚೇರಿಗೆ ಒಬ್ಬ ಕಾಲೇಜು ಹುಡುಗ ಬಂದಿದ್ದ. ಮೈಮೇಲೆ ಕಪ್ಪು ಟೀ ಶರ್ಟು. ಎದೆಯ ತುಂಬ ಬಿಳಿ ಗೆರೆಗಳು, ಬೆಟ್ಟದ ಸಾಲುಗಳನ್ನು ಒಂದರ ಕೆಳಗೊಂದು ಬರೆದ ಹಾಗೆ. "ಇದೇನಪ್ಪ ಚಿತ್ರ?" ಎಂದೆ. "ಗೊತ್ತಿಲ್ಲ ಸಾರ್, ಡಿಸೈನು ಚೆನ್ನಾಗಿತ್ತು, ತಗೊಂಡೆ" ಎಂದ. ಆ ಗೆರೆಗಳ ಮೂಲವನ್ನು ಹುಡುಕುತ್ತ ಓದಲು ಕೂತವನು ಕೊನೆಗೆ ಮ್ಯಾಂಚೆಸ್ಟರಿಗೆ ಹೋಗಿ ಮುಟ್ಟಿದೆ. ನಾನು ಸಂಗೀತಗಾರನಲ್ಲ; ಕೆಲವು ವರ್ಷ ಮಕ್ಕಳಿಗೆ ಲೆಕ್ಕ ಹೇಳಿಕೊಟ್ಟವನು. ಆದ್ದರಿಂದ ಆ ಹಾಡುಗಳ ಹಿಂದೆ ನನಗೆ ಮೊದಲು ಕಣ್ಣಿಗೆ ಬಿದ್ದದ್ದು ಲೆಕ್ಕವೇ. ಯಾರ ದುಡ್ಡು, ಯಾರ ದುಡಿಮೆ, ಯಾರ ಒಡೆತನ ಎಂಬ ಲೆಕ್ಕ. ಅಂಥ ಲೆಕ್ಕ ಈ ಕೂಟಕ್ಕೆ ಹೊರಗಿನದಲ್ಲ.

ಒಂದು ಊರು, ಒಂದು ಸಭಾಂಗಣ

ಮ್ಯಾಂಚೆಸ್ಟರ್ ಹತ್ತಿ ಗಿರಣಿಗಳ ಊರು. ನಮ್ಮ ದೇಶದ ಮಗ್ಗಗಳ ಬಾಯಿಗೆ ಮಣ್ಣು ಹಾಕಿದ ಬಟ್ಟೆ ಹೆಚ್ಚಾಗಿ ಬಂದದ್ದು ಆ ಸೀಮೆಯಿಂದಲೇ. ಆದರೆ ಆ ಊರಿನ ಬಡವರೂ ಸುಖವಾಗಿ ಬಾಳಲಿಲ್ಲ. 1819ರ ಆಗಸ್ಟ್ 16ರಂದು ಅಲ್ಲಿಯ ಸೇಂಟ್ ಪೀಟರ್ಸ್ ಮೈದಾನದಲ್ಲಿ ಸುಮಾರು 60,000 ಜನ ಓಟಿನ ಹಕ್ಕು ಬೇಕೆಂದು ಸೇರಿದ್ದರು. ಸರ್ಕಾರ ಕುದುರೆ ಸವಾರರನ್ನು ನುಗ್ಗಿಸಿ ಕತ್ತಿ ಬೀಸಿಸಿತು. ಹದಿನೆಂಟು ಮಂದಿ ಸತ್ತರೆಂದು ಲೆಕ್ಕ. ಆ ನೆಲದ ಮೇಲೆಯೇ 1850ರ ದಶಕದಲ್ಲಿ ಫ್ರೀ ಟ್ರೇಡ್ ಹಾಲ್ ಎಂಬ ಸಭಾಂಗಣ ಎದ್ದಿತು.

ಅದೇ ಕಟ್ಟಡದ ಮಹಡಿಯ ಚಿಕ್ಕ ಕೋಣೆಯಲ್ಲಿ, 1976ರ ಜೂನ್ 4ರಂದು, ಲಂಡನ್ನಿನಿಂದ ಬಂದ 'ಸೆಕ್ಸ್ ಪಿಸ್ಟಲ್ಸ್' ಎಂಬ ತಂಡ ಹಾಡಿತು. ಕರೆಸಿದವರು ಹೊವಾರ್ಡ್ ಡಿವೋಟೊ, ಪೀಟ್ ಶೆಲ್ಲಿ ಎಂಬ ಇಬ್ಬರು ವಿದ್ಯಾರ್ಥಿಗಳು. ಕೇಳಲು ಬಂದವರು ಕೆಲವೇ ಹತ್ತು ಜನ. ಹಾಡಿದವರಿಗೆ ಶ್ರುತಿಯ ಗೊಡವೆ ಇರಲಿಲ್ಲ. ಕೂಗು, ಸಿಟ್ಟು, ಮೂರು ಸ್ವರಗುಚ್ಛ. ಇದಕ್ಕೆ ಅವರ ನುಡಿಯಲ್ಲಿ 'ಪಂಕ್' ಎಂದು ಹೆಸರು. ಪುಂಡು ಎಂದರೆ ನಮಗೆ ಅರ್ಥವಾದೀತು. ಆದರೆ ಕೇಳಿದವರಿಗೆ ಒಂದು ಮಾತು ಹೊಳೆಯಿತು: ಇಷ್ಟೇ ಆದರೆ ನಾವೂ ಮಾಡಬಹುದಲ್ಲ! ಪೀಟರ್ ಹುಕ್ ಎಂಬ ಹುಡುಗ ಮರುದಿನವೇ ಹೋಗಿ ಒಂದು ಅಗ್ಗದ ಬೇಸ್ ಗಿಟಾರು ಕೊಂಡ. ಅವನೂ ಅವನ ಶಾಲೆಯ ಗೆಳೆಯ ಬರ್ನಾರ್ಡ್ ಸಮ್ನರನೂ ಸೇರಿ ಕಟ್ಟಿದ ತಂಡವೇ 'ಜಾಯ್ ಡಿವಿಷನ್'. ಆ ಅಂಗಿಯ ಗೆರೆಗಳು ಆ ತಂಡದ ಮೊದಲ ರೆಕಾರ್ಡಿನ ಹೊದಿಕೆಯವು.

ಅದೇ ಜೂನ್ 4ರಂದು ಇನ್ನೊಂದು ಸಂಗತಿ ನಡೆಯಿತು, ಅದನ್ನೂ ಇಲ್ಲಿಯೇ ಹೇಳಬೇಕು. ಲಂಡನ್ನಿನ ಅಂಚಿನಲ್ಲಿ ಸೌತಾಲ್ ಎಂಬ ಬಡಾವಣೆ ಇದೆ. ಪಂಜಾಬಿನಿಂದ ಹೋಗಿ ದುಡಿದು ನೆಲೆಸಿದವರ ಬಡಾವಣೆ. ಆ ಸಂಜೆ ಅಲ್ಲಿಯ ಬೀದಿಯಲ್ಲಿ ಗುರುದೀಪ್ ಸಿಂಗ್ ಚಗ್ಗರ್ ಎಂಬ ಹದಿನೆಂಟರ ವಿದ್ಯಾರ್ಥಿಯನ್ನು ಬಿಳಿಯ ಹುಡುಗರ ಗುಂಪೊಂದು ಇರಿದು ಕೊಂದಿತು. ಒಂದೇ ದಿನ, ಒಂದೇ ದೇಶ. ನಿರುದ್ಯೋಗದ ಸಿಟ್ಟು ಹಾಡಿನ ಕಡೆಗೆ ಹರಿಯಬಹುದಾಗಿತ್ತು, ಚೂರಿಯ ಕಡೆಗೂ ಹರಿಯಬಹುದಾಗಿತ್ತು. ಮುಂದಿನ ಐದಾರು ವರ್ಷಗಳ ಕಥೆಯಲ್ಲಿ ಈ ಎರಡನ್ನೂ ಒಟ್ಟಿಗೆ ನೆನಪಿಡಬೇಕು.

ಐನೂರು ಪೌಂಡಿನ ಸಾಲ

ಪಂಕ್ ಹುಟ್ಟಿದ್ದೇ ತಡ, ದೊಡ್ಡ ಕಂಪೆನಿಗಳು ಚೀಲ ಹಿಡಿದು ಬಂದವು. 1977ರ ಜನವರಿಯಲ್ಲಿ 'ದ ಕ್ಲ್ಯಾಶ್' ಎಂಬ ತಂಡ ಸಿ.ಬಿ.ಎಸ್. ಕಂಪೆನಿಗೆ 1,00,000 ಪೌಂಡಿಗೆ ರುಜು ಹಾಕಿತು. ಅದೇ ತಿಂಗಳು ಮ್ಯಾಂಚೆಸ್ಟರಿನಲ್ಲಿ ಡಿವೋಟೊ ಮತ್ತು ಶೆಲ್ಲಿಯರ 'ಬಝ್‌ಕಾಕ್ಸ್' ತಂಡ ಬೇರೆ ದಾರಿ ಹಿಡಿಯಿತು. ಶೆಲ್ಲಿಯ ತಂದೆಯೂ ಸೇರಿ ನಾಲ್ಕಾರು ಮಂದಿಯಿಂದ 500 ಪೌಂಡು ಕೈಸಾಲ ಎತ್ತಿ, ನಾಲ್ಕು ಹಾಡುಗಳ ಒಂದು ರೆಕಾರ್ಡನ್ನು ತಾವೇ ಮಾಡಿಸಿ, ತಾವೇ ಹೊದಿಕೆ ಹಾಕಿ ಮಾರಿದರು. ಅದರ ಹೆಸರು 'ಸ್ಪೈರಲ್ ಸ್ಕ್ರ್ಯಾಚ್'. ಮೊದಲು ಒತ್ತಿಸಿದ್ದು 1,000 ಪ್ರತಿ. ಸಾಲ ತೀರಿತು. ಕೊನೆಗೆ 16,000 ಪ್ರತಿ ಹೋಯಿತು.

ಗೆಳೆಯರೇ, ಈ 1,000 ಎಂಬ ಅಂಕಿಯನ್ನು ಮನಸ್ಸಿನಲ್ಲಿಡಿ. ಭಾಷಣದ ಕೊನೆಯಲ್ಲಿ ಮತ್ತೆ ಬೇಕಾಗುತ್ತದೆ.

ಇದರಲ್ಲಿ ಹೊಸದೇನಿತ್ತು? ರೆಕಾರ್ಡನ್ನು ಒತ್ತುವ ಕಾರ್ಖಾನೆ ಯಾರು ದುಡ್ಡು ಕೊಟ್ಟರೂ ಒತ್ತಿಕೊಡುತ್ತದೆ, ಅದಕ್ಕೆ ಕಂಪೆನಿಯ ಅಪ್ಪಣೆ ಬೇಕಿಲ್ಲ ಎಂಬುದು ಆ ತನಕ ಎಷ್ಟೋ ಹಾಡುಗಾರರಿಗೇ ತಿಳಿದಿರಲಿಲ್ಲ. ಅಚ್ಚುಕೂಟ ಗೊತ್ತಿದ್ದವನಿಗೆ ಪತ್ರಿಕೆ ತೆಗೆಯುವುದು ದೊಡ್ಡ ರಹಸ್ಯವಲ್ಲ, ಹಾಗೆಯೇ ಇದು. ಅದೇ ವರ್ಷ ಲಂಡನ್ನಿನ 'ಡೆಸ್ಪರೇಟ್ ಬೈಸಿಕಲ್ಸ್' ಎಂಬ ತಂಡ ತನ್ನ ಮೊದಲ ರೆಕಾರ್ಡಿಗೆ ಬಿದ್ದ ಒಟ್ಟು ಖರ್ಚು 153 ಪೌಂಡು ಎಂದು ಜನಕ್ಕೆ ಸಾರಿತು. 1978ರಲ್ಲಿ 'ಸ್ಕ್ರಿಟ್ಟಿ ಪೊಲಿಟ್ಟಿ' ಎಂಬ ತಂಡ ಇನ್ನೂ ಮುಂದೆ ಹೋಯಿತು. ಇಟಲಿಯ ಗ್ರಾಂಶಿಯ ಬರಹಗಳ ಹೆಸರನ್ನೇ ತಿರುಚಿ ಹೆಸರಿಟ್ಟುಕೊಂಡವರು ಅವರು. ಲಂಡನ್ನಿನ ಕ್ಯಾಮ್ಡನ್ನಿನಲ್ಲಿ ಖಾಲಿ ಬಿದ್ದ ಮನೆಯೊಂದಕ್ಕೆ ನುಗ್ಗಿ ವಾಸವಾಗಿದ್ದರು. ಧ್ವನಿಮುದ್ರಣಕ್ಕೆ ಎಷ್ಟು, ಒತ್ತಿಸಲು ಎಷ್ಟು, ಚೀಟಿಗೆ ಎಷ್ಟು ಎಂದು ಪೂರ್ತಿ ಪಟ್ಟಿಯನ್ನು ಹೊದಿಕೆಯ ಮೇಲೆಯೇ ಅಚ್ಚು ಮಾಡಿಸಿದರು. 'ಕ್ರಾಸ್' ಎಂಬ ಇನ್ನೊಂದು ತಂಡ 'ಇದಕ್ಕಿಂತ ಹೆಚ್ಚು ಕೊಡಬೇಡಿ' ಎಂದು ಬೆಲೆಯನ್ನು ಹೊದಿಕೆಯಲ್ಲೇ ಹಾಕಿತು. ಯಾವ ವ್ಯಾಪಾರಿಯಾದರೂ ಅಸಲಿನ ಚೀಟಿಯನ್ನು ಗಿರಾಕಿಯ ಕೈಗೆ ಕೊಟ್ಟದ್ದನ್ನು ನೀವು ಕಂಡಿದ್ದೀರಾ? ನಾನು ಕಂಡಿಲ್ಲ.

ಮಾಡಿದರೆ ಸಾಲದು, ಊರೂರಿಗೆ ಮುಟ್ಟಿಸಬೇಕು. 1976ರಲ್ಲಿ ಜೆಫ್ ಟ್ರಾವಿಸ್ ಎಂಬಾತ ಲಂಡನ್ನಿನಲ್ಲಿ 'ರಫ್ ಟ್ರೇಡ್' ಎಂಬ ಅಂಗಡಿ ತೆರೆದ. ಆರಂಭದ ವರ್ಷಗಳಲ್ಲಿ ಅಲ್ಲಿ ದುಡಿಯುವವರಿಗೆಲ್ಲ ಒಂದೇ ಸಂಬಳ, ತೀರ್ಮಾನವೆಲ್ಲ ಸಭೆಯಲ್ಲಿ. 1978ರಲ್ಲಿ ಅವರೇ ರೆಕಾರ್ಡು ತೆಗೆಯಲು ಆರಂಭಿಸಿದರು. ಖರ್ಚು ಕಳೆದು ಉಳಿದದ್ದರಲ್ಲಿ ಹಾಡಿದವರಿಗೆ ಅರ್ಧ, ಅಂಗಡಿಗೆ ಅರ್ಧ. ಮುಂದೆ ಯಾರ್ಕ್, ಬ್ರಿಸ್ಟಲ್, ಲಿವರ್‌ಪೂಲ್, ಎಡಿನ್‌ಬರೋ, ನಾರ್ವಿಚ್ ಮೊದಲಾದ ಊರುಗಳ ಇಂಥ ಅಂಗಡಿಗಳು ಕೂಡಿ 'ಕಾರ್ಟೆಲ್' ಎಂಬ ಹಂಚಿಕೆಯ ಜಾಲ ಕಟ್ಟಿದವು. ಮ್ಯಾಂಚೆಸ್ಟರಿನಲ್ಲಿ 1978ರಲ್ಲಿ ಟೋನಿ ವಿಲ್ಸನ್, ಅಲನ್ ಎರಾಸ್ಮಸ್ ಮುಂತಾದವರು 'ಫ್ಯಾಕ್ಟರಿ' ಎಂಬ ಸಂಸ್ಥೆ ಆರಂಭಿಸಿದರು. ಅಲ್ಲಿಯೂ ಲಾಭ ಅರ್ಧರ್ಧ. ಹಾಡಿನ ಒಡೆತನ ಹಾಡುಗಾರನದು.

ಕೈಮಗ್ಗದವನಿಗೆ ನೂಲು ಕೊಟ್ಟು, ಸೀರೆ ಕಿತ್ತುಕೊಂಡು, ಕೂಲಿ ಎಸೆಯುವ ಸಾಹುಕಾರನನ್ನು ನೀವೆಲ್ಲ ಬಲ್ಲಿರಿ. ಆ ಹುಡುಗ ಹುಡುಗಿಯರು ಮಾಡಿದ್ದು ಏನೆಂದರೆ, ನೂಲು, ಮಗ್ಗ, ಸಂತೆ ಮೂರನ್ನೂ ಕೈಗೆ ತೆಗೆದುಕೊಂಡರು. ಪಂಕ್ ಹಳೆಯ ಸಂಗೀತವನ್ನು ಬೈದಿತು. ಪಂಕ್ ನಂತರ ಬಂದವರು, ಎಂದರೆ ಪೋಸ್ಟ್-ಪಂಕ್‌ನವರು, ಬೈಯುವುದನ್ನು ಬಿಟ್ಟು ಕಟ್ಟಲು ಕೂತರು.

ಅವರು ಹಾಡಿದ್ದೇನು?

ಹಾಡಿನ ರೂಪವನ್ನೂ ಸ್ವಲ್ಪ ಹೇಳಬೇಕು. ಕೆರಿಬಿಯನ್ ದ್ವೀಪಗಳಿಂದ ದುಡಿಯಲು ಬಂದವರು ತಮ್ಮೊಂದಿಗೆ 'ರೆಗ್ಗೇ', 'ಡಬ್' ಎಂಬ ಸಂಗೀತ ತಂದಿದ್ದರು. ಡಬ್ ಎಂದರೆ ಧ್ವನಿಮುದ್ರಣದ ಯಂತ್ರವನ್ನೇ ವಾದ್ಯವಾಗಿ ಬಳಸಿ, ಒಂದೊಂದೇ ವಾದ್ಯವನ್ನು ತೆಗೆದುಹಾಕಿ, ಉಳಿದ ಮೌನವನ್ನು ಪ್ರತಿಧ್ವನಿಯಿಂದ ತುಂಬುವ ಕಲೆ. ಪೋಸ್ಟ್-ಪಂಕ್‌ನವರು ಅದನ್ನು ಗುರುವಿನಿಂದ ಕಲಿತಂತೆ ಕಲಿತರು. ಬೇಸ್ ಗಿಟಾರು ಮುಂದಕ್ಕೆ ಬಂತು. ಮೆರೆಯುತ್ತಿದ್ದ ಗಿಟಾರು ತಗಡು ಕೆರೆದ ಹಾಗೆ ಮೂಲೆಯಲ್ಲಿ ಕೆರೆಯತೊಡಗಿತು. ಮಧ್ಯೆ ಖಾಲಿ ಜಾಗ.

ಲೀಡ್ಸ್ ಊರಿನ 'ಗ್ಯಾಂಗ್ ಆಫ್ ಫೋರ್' ತಂಡದವರಲ್ಲಿ ಕೆಲವರು ಅಲ್ಲಿಯ ವಿಶ್ವವಿದ್ಯಾಲಯದಲ್ಲಿ ಚಿತ್ರಕಲೆ ಓದುತ್ತಿದ್ದವರು. ಅವರ 1979ರ 'ಎಂಟರ್ಟೇನ್ಮೆಂಟ್!' ಎಂಬ ರೆಕಾರ್ಡಿನಲ್ಲಿ ಪ್ರೇಮ ಎಂಬುದು ಪೇಟೆಯ ಸರಕಾಗುವ ಬಗೆ, ಮನೆಯೊಳಗೆ ಟೆಲಿವಿಷನ್ನು ಯುದ್ಧವನ್ನು ಊಟದ ಜೊತೆ ಬಡಿಸುವ ಬಗೆ, ಇಂಥವೇ ಹಾಡುಗಳ ವಸ್ತು. ಅದೇ ವರ್ಷ ಬಿ.ಬಿ.ಸಿ.ಯ ಅತ್ಯಂತ ಜನಪ್ರಿಯ ಸಂಗೀತ ಕಾರ್ಯಕ್ರಮಕ್ಕೆ ಅವರಿಗೆ ಕರೆ ಬಂತು. ಹಾಡಿನಲ್ಲಿ ಕುಟುಂಬ ಯೋಜನೆಯ ಒಂದು ಸಾಧನದ ಹೆಸರಿತ್ತು. ಅದನ್ನು ತೆಗೆದು ತಾವು ಹೇಳಿದ ಮಾತನ್ನೇ ಹಾಕಬೇಕೆಂದು ಅಧಿಕಾರಿಗಳು ಹಟ ಹಿಡಿದರು. ಇವರು ಒಲ್ಲೆವೆಂದು ಎದ್ದು ಬಂದರು. ಲಕ್ಷಗಟ್ಟಲೆ ಪ್ರತಿ ಮಾರಬಹುದಾಗಿದ್ದ ಬಾಗಿಲು ಅಂದು ಮುಚ್ಚಿತು. ಆದರೆ ಇದೇ ತಂಡ ತನ್ನ ರೆಕಾರ್ಡನ್ನು ಇ.ಎಂ.ಐ. ಎಂಬ ದೊಡ್ಡ ಕಂಪೆನಿಗೆ ಕೊಟ್ಟಿತ್ತೆಂಬುದನ್ನೂ ಮರೆಯಬಾರದು. ದೊಡ್ಡ ಜನಸ್ತೋಮವನ್ನು ಮುಟ್ಟಬೇಕಾದರೆ ದೊಡ್ಡ ಗಾಡಿ ಹತ್ತಬೇಕು ಎಂಬುದು ಅವರ ವಾದ. ಸುಲಭವಾಗಿ ತಳ್ಳಿಹಾಕುವ ವಾದವಲ್ಲ ಅದು. ಅದರ ಫಲವನ್ನು ಮುಂದೆ ಹೇಳುತ್ತೇನೆ.

ಹೆಣ್ಣುಮಕ್ಕಳು ಈ ಸಂಗೀತದಲ್ಲಿ ವಾದ್ಯ ಹಿಡಿದು ನಿಂತರು. 'ದ ಸ್ಲಿಟ್ಸ್', 'ದ ರೇನ್‌ಕೋಟ್ಸ್', ಲೀಡ್ಸಿನ 'ಡೆಲ್ಟಾ 5' ಇವುಗಳನ್ನು ಹೆಸರಿಸಬೇಕು. ಹಾಡುವ ಗೊಂಬೆಯಾಗಿ ಒಬ್ಬಳನ್ನು ಮುಂದೆ ನಿಲ್ಲಿಸುವ ಪದ್ಧತಿಯನ್ನು ಅವರು ಒಪ್ಪಲಿಲ್ಲ.

ಜಾಯ್ ಡಿವಿಷನ್ನಿನ ಹಾಡುಗಾರ ಇಯಾನ್ ಕರ್ಟಿಸ್ ಮ್ಯಾಕಲ್ಸ್‌ಫೀಲ್ಡ್ ಊರಿನ ಸರ್ಕಾರಿ ಉದ್ಯೋಗ ವಿನಿಮಯ ಕಚೇರಿಯ ನೌಕರ. ಅಂಗವಿಕಲರಿಗೆ ಕೆಲಸ ಹುಡುಕಿಕೊಡುವುದು ಅವನ ಕೆಲಸ. ಮೂರ್ಛೆರೋಗವಿದ್ದ ಒಬ್ಬ ಹುಡುಗಿ ಕೆಲಸ ಕೇಳಿಕೊಂಡು ಅವನ ಬಳಿಗೆ ಬರುತ್ತಿದ್ದಳು. ಕೆಲವು ದಿನ ಬರಲಿಲ್ಲ. ವಿಚಾರಿಸಿದರೆ ರೋಗದಿಂದ ತೀರಿಹೋಗಿದ್ದಳು. 'ಷೀಸ್ ಲಾಸ್ಟ್ ಕಂಟ್ರೋಲ್' ಎಂಬ ಅವನ ಹಾಡು ಹುಟ್ಟಿದ್ದು ಹೀಗೆ. ಸ್ವಲ್ಪ ಕಾಲದಲ್ಲೇ ಅದೇ ರೋಗ ಅವನಿಗೂ ಬಂತು. ರೋಗ, ಸಂಸಾರದ ಕಷ್ಟ, ಎಡೆಬಿಡದ ತಿರುಗಾಟ ಇವುಗಳ ನಡುವೆ 1980ರ ಮೇ 18ರಂದು, ಅಮೆರಿಕದ ಪ್ರವಾಸಕ್ಕೆ ಹೊರಡುವ ಮುನ್ನಾದಿನ, 23ರ ವಯಸ್ಸಿನಲ್ಲಿ ಅವನು ತಾನಾಗಿಯೇ ಪ್ರಾಣ ಕಳೆದುಕೊಂಡ. ಈ ಸಾವಿಗೆ ಬಣ್ಣ ಬಳಿದು ಮಾರಿದವರು ಬಹಳ ಮಂದಿ. ನನಗೆ ಅವನಿಗಿಂತಲೂ ಕೆಲಸ ಕೇಳಿಕೊಂಡು ಬಂದ ಆ ಹುಡುಗಿ ಹೆಚ್ಚು ನೆನಪಾಗುತ್ತಾಳೆ. ಸರ್ಕಾರಿ ಕಚೇರಿಯ ಮೇಜಿನ ಈಚೆ ಕೂತವನೊಬ್ಬ ಆಚೆ ನಿಂತವಳ ನೋವನ್ನು ಹಾಡಾಗಿಸಿದ ಎಂಬುದೇ ದೊಡ್ಡದು.

ಸೌತಾಲಿನ ಮೇಷ್ಟರು

ಈಗ ಚೂರಿಯ ಕಡೆಯ ಕಥೆ. 1976ರ ಆಗಸ್ಟ್‌ನಲ್ಲಿ ಎರಿಕ್ ಕ್ಲ್ಯಾಪ್ಟನ್ ಎಂಬ ಹೆಸರಾಂತ ಗಿಟಾರುಗಾರ ಬರ್ಮಿಂಗ್‌ಹ್ಯಾಮಿನ ವೇದಿಕೆಯಿಂದ, ಕುಡಿದ ಮತ್ತಿನಲ್ಲಿ, ವಲಸೆ ಬಂದವರನ್ನೆಲ್ಲ ಹೊರಗಟ್ಟಬೇಕೆಂದು ಮಾತಾಡಿದ. ಅವನು ದುಡ್ಡು ಮಾಡಿದ್ದು ಕರಿಯರ ಸಂಗೀತ ನುಡಿಸಿ! ಅದಕ್ಕೆ ಉತ್ತರವಾಗಿ 'ಜನಾಂಗದ್ವೇಷದ ವಿರುದ್ಧ ಸಂಗೀತ' ಎಂಬ ಚಳವಳಿ ಹುಟ್ಟಿತು. ಬಿಳಿಯರ ಒಂದು ತಂಡ, ಕರಿಯರ ಒಂದು ತಂಡ ಒಂದೇ ವೇದಿಕೆಯಲ್ಲಿ ಹಾಡಬೇಕೆಂಬುದು ಅದರ ಪದ್ಧತಿ. 1978ರ ಏಪ್ರಿಲ್ 30ರಂದು ಲಂಡನ್ನಿನ ಟ್ರಫಾಲ್ಗರ್ ಚೌಕದಿಂದ ವಿಕ್ಟೋರಿಯಾ ಪಾರ್ಕಿನವರೆಗೆ ಹತ್ತಾರು ಸಾವಿರ ಜನ ಮೆರವಣಿಗೆ ನಡೆದು ಹಾಡು ಕೇಳಿದರು.

ಮರುವರ್ಷ, 1979ರ ಏಪ್ರಿಲ್ 23ರಂದು, ಜನಾಂಗದ್ವೇಷಿಗಳ 'ನ್ಯಾಷನಲ್ ಫ್ರಂಟ್' ಪಕ್ಷ ಸೌತಾಲಿನ ಟೌನ್ ಹಾಲಿನಲ್ಲೇ ಚುನಾವಣೆಯ ಸಭೆ ಇಟ್ಟಿತು. ಪಂಜಾಬಿಗಳ ಬಡಾವಣೆಯ ನಡುವೆ! ಸಾವಿರಾರು ಜನ ಪ್ರತಿಭಟಿಸಿದರು. ಪೊಲೀಸರ ಏಟಿಗೆ ಬ್ಲೇರ್ ಪೀಚ್ ಎಂಬ 33ರ ಯುವಕ ಸತ್ತ. ಅವನು ನ್ಯೂಜಿಲೆಂಡಿನಿಂದ ಬಂದವನು. ಪೂರ್ವ ಲಂಡನ್ನಿನಲ್ಲಿ, ವಿಶೇಷ ಆರೈಕೆ ಬೇಕಾದ ಮಕ್ಕಳ ಶಾಲೆಯ ಮೇಷ್ಟರು. ಹೊಡೆದವನು ಒಬ್ಬ ಪೊಲೀಸನೇ ಇರಬೇಕೆಂದು ಹೇಳಿದ ಒಳವರದಿಯನ್ನು ಮುಚ್ಚಿಟ್ಟು, 2010ರಲ್ಲಿ ಮಾತ್ರ ಹೊರಗೆ ಬಿಟ್ಟರು. ಯಾರಿಗೂ ಶಿಕ್ಷೆಯಾಗಲಿಲ್ಲ. ಅದೇ ದಿನ ಸೌತಾಲಿನ 'ಮಿಸ್ಟಿ ಇನ್ ರೂಟ್ಸ್' ಎಂಬ ಕರಿಯರ ತಂಡದ ವ್ಯವಸ್ಥಾಪಕ ಕ್ಲಾರೆನ್ಸ್ ಬೇಕರನ ತಲೆಬುರುಡೆ ಒಡೆಯಿತು. ಆ ತಂಡದವರ ಕೂಟವೇ ಕೆಲವು ತಿಂಗಳ ಹಿಂದೆ 'ದ ರಟ್ಸ್' ಎಂಬ ಬಿಳಿಯ ಹುಡುಗರ ಮೊದಲ ರೆಕಾರ್ಡನ್ನು ಹೊರತಂದಿತ್ತು. ರಟ್ಸ್‌ನವರು ಆ ದಿನದ ಮೇಲೆ 'ಜಾ ವಾರ್' ಎಂಬ ಹಾಡು ಕಟ್ಟಿದರು.

ನಾನೂ ಪಾಠ ಹೇಳಿದವನು. ಶಾಲೆ ಬಿಟ್ಟ ಮೇಲೆ ಬೇರೆಯವರ ಬಡಾವಣೆಗೆ ಹೋಗಿ ಅವರ ಮಾನಕ್ಕಾಗಿ ನಿಂತು ಸತ್ತ ಆ ಮೇಷ್ಟರ ಹೆಸರನ್ನು ಈ ಸಭೆಯಲ್ಲಿ ಒಮ್ಮೆ ಹೇಳಬೇಕೆಂದು ನನಗಿತ್ತು.

ಕಟ್ಟಡ ಕುಸಿದದ್ದು

ಇಷ್ಟೆಲ್ಲ ಹೇಗೆ ಸಾಧ್ಯವಾಯಿತು? ಪ್ರತಿಭೆಯಿಂದ ಎಂದರೆ ಅರ್ಧ ಉತ್ತರ. ಪ್ರತಿಭೆಗೆ ಹೊಟ್ಟೆ ಇರುತ್ತದೆ. 1962ರ ಕಾನೂನಿನಂತೆ ಕಾಲೇಜು ಓದುವವರಿಗೆ ಸರ್ಕಾರ ಊಟ ವಸತಿಗೆ ಭತ್ಯೆ ಕೊಡುತ್ತಿತ್ತು, ಶುಲ್ಕವಿರಲಿಲ್ಲ. ಕಾರ್ಮಿಕರ ಮಕ್ಕಳೂ ಚಿತ್ರಕಲಾ ಶಾಲೆ ಸೇರಬಹುದಾಗಿತ್ತು. ಕೆಲಸವಿಲ್ಲದವರಿಗೆ ನಿರುದ್ಯೋಗ ಭತ್ಯೆ ಬರುತ್ತಿತ್ತು. ನಗರಗಳಲ್ಲಿ ಖಾಲಿ ಮನೆಗಳಿದ್ದವು. ಮ್ಯಾಂಚೆಸ್ಟರಿನ ಹ್ಯೂಮ್ ಬಡಾವಣೆಯಲ್ಲಿ 1972ರಲ್ಲಿ ನಗರಸಭೆ ಕಟ್ಟಿಸಿದ ದೊಡ್ಡ ದೊಡ್ಡ ವಸತಿ ಕಟ್ಟಡಗಳು ಸಂಸಾರಸ್ಥರಿಗೆ ಒಗ್ಗದೆ ಹೋದಾಗ, ಅಲ್ಲಿ ಸೇರಿಕೊಂಡವರು ಇಂಥ ಹುಡುಗರೇ. 'ಫ್ಯಾಕ್ಟರಿ'ಯ ಮೊದಲ ಸಂಗೀತ ರಾತ್ರಿಗಳು ನಡೆದದ್ದೂ ಹ್ಯೂಮಿನಲ್ಲೇ. ಎಂದರೆ, ಹಿಂದಿನ ತಲೆಮಾರಿನ ದುಡಿಮೆಗಾರರು ಹೋರಾಡಿ ಗಳಿಸಿದ ಸವಲತ್ತು ಈ ಹಾಡಿಗೆ ಗೊಬ್ಬರವಾಯಿತು. ಹಾಡಿದವರಲ್ಲಿ ಎಷ್ಟೋ ಮಂದಿ ಆ ಸವಲತ್ತನ್ನು ಗಾಳಿ ನೀರಿನಂತೆ ಎಣಿಸಿದ್ದರು. ಕಿತ್ತುಕೊಂಡಾಗಲೇ ತಿಳಿದದ್ದು.

ಸೋಲಿನಲ್ಲಿ ಅವರ ತಪ್ಪೂ ಇತ್ತು. ಹೊದಿಕೆಯ ಮೇಲೆ ಲೆಕ್ಕ ಬರೆದ ಚಳವಳಿ ತನ್ನ ಕಚೇರಿಯ ಲೆಕ್ಕವನ್ನು ಸರಿಯಾಗಿ ಇಡಲಿಲ್ಲ. ರಫ್ ಟ್ರೇಡಿನ ಹಂಚಿಕೆ ಸಂಸ್ಥೆ ಬೆಳೆದು, ಸಾಲಕ್ಕೆ ಸಿಕ್ಕಿ, 1991ರಲ್ಲಿ ಮುಳುಗಿತು. ಅದನ್ನು ನಂಬಿದ್ದ ಸಣ್ಣ ಸಂಸ್ಥೆಗಳ ದುಡ್ಡೂ ಅದರ ಜೊತೆಗೆ ಮುಳುಗಿತು. 1982ರಲ್ಲೇ ಅಲ್ಲಿಯ ನೌಕರರು ಕೊಂಡುಕೊಂಡಿದ್ದ ಅಂಗಡಿ ಮಾತ್ರ ಉಳಿಯಿತು. ಫ್ಯಾಕ್ಟರಿಯವರು 1982ರಲ್ಲಿ 'ಹಸಿಯೆಂಡಾ' ಎಂಬ ದೊಡ್ಡ ನೃತ್ಯಶಾಲೆ ತೆರೆದು ಅದಕ್ಕೆ ನೀರಿನಂತೆ ಹಣ ಸುರಿದರು. 1992ರಲ್ಲಿ ದಿವಾಳಿ ಎದ್ದರು. ಅವರನ್ನು ಕೊಳ್ಳಲು ಬಂದ ದೊಡ್ಡ ಕಂಪೆನಿ ಕಾಗದಪತ್ರ ನೋಡಿದಾಗ ಹಾಡುಗಳೆಲ್ಲ ಹಾಡುಗಾರರವು, ಸಂಸ್ಥೆಯದು ಏನೂ ಇಲ್ಲವೆಂದು ತಿಳಿಯಿತು. ವ್ಯಾಪಾರಿಗಳು ಇದನ್ನು ಹೇಳಿ ನಗುತ್ತಾರೆ. ಸಂಸ್ಥೆ ಸತ್ತರೂ ದುಡಿದವನ ಆಸ್ತಿ ದುಡಿದವನಲ್ಲೇ ಉಳಿಯಿತಲ್ಲ, ಅದರಲ್ಲಿ ನಗುವಂಥದು ನನಗೇನೂ ಕಾಣುವುದಿಲ್ಲ.

ಪುನರುಜ್ಜೀವನ

ಇಪ್ಪತ್ತು ವರ್ಷ ಕಳೆಯಿತು. 2001ರ ನಂತರ ಈ ಹಾಡು ಮತ್ತೆ ಕೇಳಿಸಿತು, ಮೊದಲು ನ್ಯೂಯಾರ್ಕಿನಲ್ಲಿ. 2002ರಲ್ಲಿ 'ಇಂಟರ್‌ಪೋಲ್' ತಂಡದ ಮೊದಲ ರೆಕಾರ್ಡು ಬಂದಾಗ ಕೇಳಿದವರೆಲ್ಲ ಜಾಯ್ ಡಿವಿಷನ್ನನ್ನು ನೆನೆದರು. 'ದ ರ್‍ಯಾಪ್ಚರ್' ತಂಡ ಗ್ಯಾಂಗ್ ಆಫ್ ಫೋರ್‌ನ ಗಿಟಾರಿಗೆ ಕುಣಿತ ಸೇರಿಸಿತು. ಗ್ಲಾಸ್ಗೋದ 'ಫ್ರಾಂಜ್ ಫರ್ಡಿನಾಂಡ್' ತಂಡಕ್ಕೆ 2004ರ ಮರ್ಕ್ಯುರಿ ಪ್ರಶಸ್ತಿ ಬಂತು. 2005ರಲ್ಲಿ ಲಂಡನ್ನಿನ 'ಬ್ಲಾಕ್ ಪಾರ್ಟಿ' ಹೆಸರಾಯಿತು. ಇವರು ಕಳ್ಳರಲ್ಲ, ಚೆನ್ನಾಗಿ ಹಾಡಿದರು. ಫ್ರಾಂಜ್ ಫರ್ಡಿನಾಂಡ್‌ನವರು ಬೆಳೆದದ್ದು ಗ್ಲಾಸ್ಗೋದ ಒಂದು ಪಾಳುಬಿದ್ದ ಗೋದಾಮಿನಲ್ಲಿ ಕೂಟಗಳನ್ನು ನಡೆಸಿ. ಖಾಲಿ ಜಾಗ ಸಿಕ್ಕಿದಲ್ಲಿ ಹಾಡು ಮೊಳೆಯುತ್ತದೆ ಎಂಬುದಕ್ಕೆ ಅದೂ ಸಾಕ್ಷಿ.

ಆದರೆ ಏನು ಮರಳಿತು, ಏನು ಮರಳಲಿಲ್ಲ? ಕೆರೆಯುವ ಗಿಟಾರು ಮರಳಿತು, ಕಪ್ಪು ಕೋಟು ಮರಳಿತು, ಬಿಗಿದ ಮುಖ ಮರಳಿತು. ಹೊದಿಕೆಯ ಮೇಲಿನ ಖರ್ಚಿನ ಪಟ್ಟಿ ಮರಳಲಿಲ್ಲ. ಗ್ಯಾಂಗ್ ಆಫ್ ಫೋರ್‌ನವರನ್ನೇ ನೋಡಿ. ಅವರ ಹಾಡಿಗೆ ಮತ್ತೆ ಬೆಲೆ ಬಂದಾಗ ಆ ಹಳೆಯ ಮುದ್ರಿಕೆಗಳು ಇ.ಎಂ.ಐ. ಕಂಪೆನಿಯ ಆಸ್ತಿಯಾಗಿದ್ದವು. ಆದಕಾರಣ 2005ರಲ್ಲಿ ತಮ್ಮ ಹಾಡುಗಳನ್ನೇ ತಾವು ಹೊಸದಾಗಿ ಹಾಡಿ ಮುದ್ರಿಸಿಕೊಳ್ಳಬೇಕಾಯಿತು. ದೊಡ್ಡ ಗಾಡಿ ಹತ್ತಿದ್ದರ ಫಲ ಇದು. ಸುಖಭೋಗದ ಸರಕುಗಳನ್ನು ಚುಚ್ಚುವ ಅವರ 'ನ್ಯಾಚುರಲ್ಸ್ ನಾಟ್ ಇನ್ ಇಟ್' ಹಾಡು 2006ರಲ್ಲಿ ಒಂದು ಚಲನಚಿತ್ರದ ಆರಂಭಕ್ಕೆ ಬಂತು. ಚಿತ್ರ ಯಾವುದು? ಫ್ರಾನ್ಸಿನ ರಾಣಿ ಮೇರಿ ಅಂತ್ವಾನೆತಳ ಕಥೆ!

ಇನ್ನು ಆ ಅ೦ಗಿಯ ಗೆರೆಗಳು. 1967ರಲ್ಲಿ ಕೇಂಬ್ರಿಡ್ಜಿನಲ್ಲಿ ಜೋಸೆಲಿನ್ ಬೆಲ್ ಎಂಬ ವಿದ್ಯಾರ್ಥಿನಿ ಆಕಾಶದಿಂದ ತಾಳ ತಪ್ಪದೆ ಬರುತ್ತಿದ್ದ ರೇಡಿಯೋ ಮಿಡಿತವನ್ನು ಮೊದಲು ಗುರುತಿಸಿದಳು. 'ಪಲ್ಸಾರ್' ಎಂಬ ನಕ್ಷತ್ರದ ಮಿಡಿತ ಅದು. ಆ ನಕ್ಷತ್ರದ ಮಿಡಿತಗಳ ನಕ್ಷೆ ಒಂದು ಖಗೋಳ ವಿಶ್ವಕೋಶದಲ್ಲಿ ಅಚ್ಚಾಗಿತ್ತು. 1979ರ 'ಅನ್‌ನೋನ್ ಪ್ಲೆಷರ್ಸ್' ರೆಕಾರ್ಡಿಗೆ ಪೀಟರ್ ಸ್ಯಾವಿಲ್ ಎಂಬ ಕಲಾವಿದ ಅದನ್ನೇ ಹೊದಿಕೆ ಮಾಡಿದ. ಮುಖಪುಟದಲ್ಲಿ ತಂಡದ ಹೆಸರೂ ಇರಲಿಲ್ಲ. 2012ರಲ್ಲಿ ಅಮೆರಿಕದ ಡಿಸ್ನಿ ಕಂಪೆನಿ ಅದೇ ಗೆರೆಗಳನ್ನು ಮಿಕ್ಕಿ ಇಲಿಯ ಆಕಾರಕ್ಕೆ ಬಾಗಿಸಿ ಅಂಗಿ ಮಾರಲು ಹೊರಟಿತು. ಜನ ಆಡಿಕೊಂಡ ಮೇಲೆ ಹಿಂದಕ್ಕೆ ತೆಗೆದುಕೊಂಡಿತು. ಹಸಿಯೆಂಡಾ ಕಟ್ಟಡವನ್ನು 2002ರಲ್ಲಿ ಕೆಡವಿದರು. ಆ ಜಾಗದಲ್ಲಿ ಅದೇ ಹೆಸರಿನ ದುಬಾರಿ ಫ್ಲಾಟುಗಳಿವೆ. ಜನ ಸತ್ತ ಮೈದಾನದ ಮೇಲೆ ಎದ್ದ ಫ್ರೀ ಟ್ರೇಡ್ ಹಾಲ್? ಅದನ್ನೂ ಮಾರಿದರು. 2004ರಿಂದ ಅದು ಶ್ರೀಮಂತರ ಹೋಟೆಲು.

ಇದೇ ಅವಧಿಯಲ್ಲಿ ಇಂಗ್ಲೆಂಡಿನಲ್ಲಿ ಕಾಲೇಜು ಶುಲ್ಕ ಬಂತು. 1998ರಲ್ಲಿ ವರ್ಷಕ್ಕೆ 1,000 ಪೌಂಡು, 2006ರಲ್ಲಿ 3,000, 2012ರಲ್ಲಿ 9,000ದವರೆಗೆ. ಭತ್ಯೆಯ ಜಾಗಕ್ಕೆ ಸಾಲ ಬಂತು. 2012ರ ಸೆಪ್ಟೆಂಬರಿನಿಂದ ಖಾಲಿ ಮನೆಗೆ ನುಗ್ಗಿ ವಾಸಿಸುವುದು ಜೈಲಿಗೆ ಹೋಗುವ ಅಪರಾಧವಾಯಿತು. ಮಾರ್ಕ್ ಫಿಷರ್ ಎಂಬ ಲೇಖಕ, ಅವನೂ ಕಾಲೇಜು ಮೇಷ್ಟರೇ, ಇದನ್ನು ಚೆನ್ನಾಗಿ ಕಂಡಿದ್ದ: ಬಾಡಿಗೆಯ ಚಿಂತೆಯಿಂದ ಬಿಡುವು ಸಿಗದ ತಲೆಮಾರು ಹೊಸದನ್ನು ಕಾಣುವ ಬದಲು ಹಳೆಯದನ್ನು ಮತ್ತೆ ಮತ್ತೆ ನುಡಿಸುತ್ತದೆ ಎಂದು. ಅವನು 2017ರಲ್ಲಿ ತೀರಿಕೊಂಡ.

ಹಾಗೆಂದು ಎಲ್ಲ ಮುಗಿಯಿತೆನ್ನಲಾರೆ. 2008ರ ಆರ್ಥಿಕ ಕುಸಿತದ ನಂತರ ಬಂದ ತಂಡಗಳಲ್ಲಿ ಮತ್ತೆ ಜೀವದ ಬಿಸಿ ಇದೆ. ನಾಟಿಂಗ್‌ಹ್ಯಾಮಿನ 'ಸ್ಲೀಫರ್ಡ್ ಮಾಡ್ಸ್' ತಂಡದ ಹಾಡುಗಾರ ಭತ್ಯೆ ಕೇಳಿ ಬರುವವರಿಗೆ ಸಲಹೆ ಕೊಡುವ ನೌಕರನಾಗಿದ್ದವನು. ಕರ್ಟಿಸ್ ಕೂತಿದ್ದಂಥ ಮೇಜು. ಬ್ರಿಸ್ಟಲಿನ 'ಐಡಲ್ಸ್', ಡಬ್ಲಿನ್ನಿನ 'ಫಾಂಟೇನ್ಸ್ ಡಿ.ಸಿ.' ಇವರೂ ತಮ್ಮ ಊರಿನ ಮಾತನ್ನೇ ಹಾಡಿದರು. ಆದರೆ ಹಾಡುವ ಜಾಗಗಳೇ ಮುಚ್ಚುತ್ತಿವೆ. 2023 ಒಂದೇ ವರ್ಷದಲ್ಲಿ ಬ್ರಿಟನ್ನಿನ 125 ಸಣ್ಣ ಸಂಗೀತಶಾಲೆಗಳು ಬಾಗಿಲು ಹಾಕಿದವು.

ಸಾವಿರದ ಲೆಕ್ಕ

ಈಗ ಆ 1,000ದ ಅಂಕಿಗೆ ಬರೋಣ. 1977ರಲ್ಲಿ ಸಾಲ ಮಾಡಿ 1,000 ಪ್ರತಿ ಮಾರಿದವನು ಸಾಲ ತೀರಿಸಿ ಎದೆಯೆತ್ತಿ ನಡೆದ. ಇಂದು ಹಾಡು ಮುದ್ರಿಸಲು ಒಂದು ಮೊಬೈಲು ಸಾಕು. ಖರ್ಚೇ ಇಲ್ಲ ಎನ್ನಬಹುದು. ಲೋಕಕ್ಕೆಲ್ಲ ಹಂಚುವ ಸ್ಪಾಟಿಫೈ ಎಂಬ ಕಂಪೆನಿ 2024ರಲ್ಲಿ ಒಂದು ನಿಯಮ ಮಾಡಿತು: ಹಿಂದಿನ ಹನ್ನೆರಡು ತಿಂಗಳಲ್ಲಿ 1,000 ಸಲವಾದರೂ ಕೇಳಿಸಿಕೊಳ್ಳದ ಹಾಡಿಗೆ ಒಂದು ಕಾಸೂ ಇಲ್ಲ. ಅಂದು ಸಾವಿರ ಎಂದರೆ ಬದುಕು. ಇಂದು ಸಾವಿರ ಎಂದರೆ ಹೊಸ್ತಿಲು, ಅದರ ಕೆಳಗೆ ಸೊನ್ನೆ.

ಮಗ್ಗ ಅಗ್ಗವಾಯಿತು, ನೂಲು ಅಗ್ಗವಾಯಿತು. ಆದರೆ ಸಂತೆ ಒಬ್ಬನ ಕೈಗೆ ಹೋಯಿತು, ಮಲಗುವ ಮನೆ ಮತ್ತೊಬ್ಬನ ಕೈಗೆ. ಹಾಗಾದರೆ ಮಗ್ಗ ಮರಳಿದೆಯೆಂದು ಹೇಗೆ ಹೇಳಲಿ? ಮೂರೂ ಒಟ್ಟಿಗಿದ್ದಾಗಲೇ ಅದು ಮಗ್ಗ.

ಆ ಹುಡುಗ ಮೊನ್ನೆ ಮತ್ತೆ ಬಂದಿದ್ದ, ಅದೇ ಅಂಗಿಯಲ್ಲಿ. ಈ ಕಥೆಯನ್ನೆಲ್ಲ ಹೇಳಿದೆ. ಸುಮ್ಮನೆ ಕೇಳಿ, "ಹಂಗಾದ್ರೆ ಈ ಅಂಗಿ ಹಾಕ್ಕೋಬಾರದಾ ಸಾರ್?" ಎಂದ. "ಹಾಕ್ಕೋ ಮಾರಾಯ, ಅಂಗಿ ಏನು ಪಾಪ ಮಾಡಿದೆ" ಎಂದೆ. "ಮತ್ತೆ ಏನು ಮಾಡಬೇಕು?" ಎಂದ. ಯೋಚಿಸಿ ಹೇಳಿದೆ: ನೀನೂ ನಿನ್ನ ಗೆಳೆಯರೂ ಸೇರಿ ಏನನ್ನಾದರೂ ಮಾಡಿ, ಹಾಡಾಗಲಿ, ಕೈಬರಹದ ಪತ್ರಿಕೆಯಾಗಲಿ, ನಾಟಕವಾಗಲಿ. ಮಾಡಿದ ಮೇಲೆ ಅದಕ್ಕೆ ಎಷ್ಟು ಖರ್ಚಾಯಿತು, ದುಡ್ಡು ಎಲ್ಲಿಂದ ಬಂತು, ಯಾರಿಗೆ ಹೋಯಿತು ಎಂಬುದನ್ನು ಅದರ ಮೇಲೆಯೇ ಬರೆಯಿರಿ. ಓದಿದವನೊಬ್ಬ 'ಇಷ್ಟೇ ಆದರೆ ನಾವೂ ಮಾಡಬಹುದಲ್ಲ' ಎನ್ನಲಿ.

ಹೇಳುವವನು ತಾನೂ ನಡೆಯಬೇಕಲ್ಲವೇ? ಈ ಸಭೆಯ ಚಂದಾ ಮತ್ತು ಖರ್ಚಿನ ಲೆಕ್ಕವನ್ನು ಖಜಾಂಚಿಯವರು ಬಾಗಿಲ ಪಕ್ಕದ ಗೋಡೆಗೆ ಅಂಟಿಸಿದ್ದಾರೆ. ಕಾಫಿಯ ಬಾಬ್ತು ಸ್ವಲ್ಪ ಜಾಸ್ತಿಯೇ ಆಗಿದೆ. ಹೋಗುವಾಗ ಓದಿಕೊಂಡು ಹೋಗಿ.